ಬೆನ್ನ ಮೇಲಿನ ಪಟ್ಟಿ

ಗುಬ್ಬಿಯ ಆ ಬೀದಿಯಲ್ಲಿ ಮಹಾಲಕ್ಷ್ಮಮ್ಮನ ಕೈಯಿಂದ ನೀರು ಹಾಕಿಸಿಕೊಳ್ಳದ ಬಾಣಂತಿ ಇರಲಿಲ್ಲ. ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಹಂಡೆಯ ಕುದಿನೀರಿಗೆ ತೋರಿಕೆಗೆಂಬಂತೆ ಒಂದು ಚೊಂಬು ತಣ್ಣೀರು ಬೆರೆಸಿ, ಸೊಂಟದ ಮೇಲೆ ಬೀಸಿ ಬೀಸಿ ಹುಯ್ಯುವಳು. "ಅಯ್ಯೋ ಸುಡುತ್ತೆ" ಎಂದು ಹುಡುಗಿಯರು ಕಿರುಚಿದರೆ, "ಹೆತ್ತೋಳಿಗೆ ಇದೇನ್ ಮಹಾ, ಸುಮ್ಕಿರೇ" ಎಂದು ಇನ್ನೊಂದು ಚೊಂಬು. ಆಮೇಲೆ ಕಂಬಳಿ ಹೊದಿಸಿ ಮಲಗಿಸಿ ಬೆವರು ಬರಿಸಿದರೆ ಬಾಣಂತಿ ಸಂಜೆಯವರೆಗೆ ಮಿಸುಕಾಡದೆ ನಿದ್ದೆ ಹೊಡೆಯುತ್ತಿದ್ದಳು. ಈ ವಿದ್ಯೆಯನ್ನು ಅವಳಿಂದ ಕಲಿತವಳು ತಂಗಿ ರಂಗಲಕ್ಷ್ಮಮ್ಮ. ಮದುವೆಯಾಗಿ ಕುಣಿಗಲ್ಲಿಗೆ ಹೋದವಳು ಅದನ್ನು ಅಲ್ಲಿಗೂ ಕೊಂಡೊಯ್ದಿದ್ದಳು. ಮಹಾಲಕ್ಷ್ಮಮ್ಮನ ಮಗಳು ಶೃತಿಯ ಎರಡು ಹೆರಿಗೆಗೂ ಅಕ್ಕ ತಂಗಿ ಇಬ್ಬರೂ ಸೇರಿ ನೀರು ಹಾಕಿದ್ದರು.

ಈಗ ಮಹಾಲಕ್ಷ್ಮಮ್ಮನ ಕೈಗಳಿಗೆ ಕಂಬಳಿಯ ಅಂಚನ್ನು ಹಿಡಿದುಕೊಳ್ಳುವುದೊಂದೇ ಕೆಲಸ. ಎರಡು ವರ್ಷದ ಹಿಂದೆ ಎದೆಯ ಗಂಟನ್ನು ತೆಗೆಸಿದ್ದರು. ಈ ವರ್ಷ ಅದು ಬೆನ್ನುಮೂಳೆಗೆ ಇಳಿಯಿತು. ಇನ್ನು ವಾಸಿಯಾಗುವ ಮಾತಿಲ್ಲ, ನೋವನ್ನು ಹಿಡಿತದಲ್ಲಿಡುವುದಷ್ಟೇ ಎಂದು ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ರಘುನಂದನ ಹೇಳಿದಾಗ, ಶೃತಿ ಅಮ್ಮನನ್ನು ಗುಬ್ಬಿಯ ತನ್ನ ಮನೆಯಲ್ಲಿಯೇ ಇಟ್ಟುಕೊಂಡಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸಕ್ಕೆ ರಜೆ ಹಾಕಿದಳು. ಗಂಡ ಭೀಮರಾಜ್‌ಗೆ ಅರಸೀಕೆರೆಯಲ್ಲಿ ರೈಲ್ವೆ ಕೆಲಸ, ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿ. ಮೂರು ತಿಂಗಳಿಂದ ಆ ಮನೆಯಲ್ಲಿ ಇದ್ದದ್ದು ಅವಳು, ಅಮ್ಮ ಮತ್ತು ಅಮ್ಮನ ನೋವು.

ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಾದಾಗ ಆಸ್ಪತ್ರೆಯವರು ಚರ್ಮಕ್ಕೆ ಅಂಟಿಸುವ ಪಟ್ಟಿ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ತೆಳ್ಳಗೆ, ಬೆಳಕು ಹಾಯುವಂಥದು. ನರ್ಸ್ ಅಪರ್ಣ ಅದನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಪಾಠ ಮಾಡಿದ್ದಳು.

"ಮೇಡಂ, ಇದು ಮಂಡಿನೋವಿನ ಪ್ಲಾಸ್ಟರ್ ಅಲ್ಲ. ನೋವಿರೋ ಜಾಗಕ್ಕೆ ಅಂಟಿಸೋದಲ್ಲ. ಅಫೀಮಿನ ಜಾತಿಗೆ ಸೇರಿದ ಮದ್ದು, ಚರ್ಮದಿಂದ ರಕ್ತಕ್ಕೆ ನಿಧಾನಕ್ಕೆ ಇಳಿಯುತ್ತೆ. ಮೂರು ದಿನಕ್ಕೆ ಒಂದು. ಹಳೇದು ತೆಗೆದ ಮೇಲೇ ಹೊಸದು. ಬಿಸಿ ಮಾತ್ರ ತಾಗಿಸ್ಬೇಡಿ, ಬಿಸಿನೀರು, ಶಾಖ, ದಪ್ಪ ಕಂಬಳಿ ಯಾವ್ದೂ ಬೇಡ. ಬಿಸಿ ತಾಗಿದ್ರೆ ನಿಧಾನಕ್ಕೆ ಇಳೀಬೇಕಾದ್ದು ಗಬಕ್ಕನೆ ಇಳಿದುಬಿಡುತ್ತೆ. ಎಬ್ಬಿಸಿದ್ರೂ ಏಳದೇ ಇರೋ ಥರ ಮಲಗಿದ್ರೆ ಉಸಿರು ಎಣಿಸಿ. ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಆದ್ರೆ ತಕ್ಷಣ ಫೋನ್ ಮಾಡಿ."

ಶೃತಿ ಇದನ್ನೆಲ್ಲ ಬರೆದುಕೊಂಡು ಬಂದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಳು. ಬಿಸಿ ಹೆಚ್ಚಿದಂತೆ ಕಣಗಳ ಓಟ ಹೆಚ್ಚುತ್ತದೆ ಎಂದು ಎಂಟನೆಯ ತರಗತಿಗೆ ಹದಿನೆಂಟು ವರ್ಷ ಪಾಠ ಹೇಳಿದವಳು ಅವಳು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮನ ಎದೆಯ ಎಡಭಾಗಕ್ಕೆ ಹೊಸ ಪಟ್ಟಿ ಹಾಕಿದ್ದಳು. ಅದು ಭಾನುವಾರದವರೆಗೆ ಬರಬೇಕಿತ್ತು. ಶನಿವಾರ ಸಂಜೆಯ ಹೊತ್ತಿಗೆ ನೋವು ಪಟ್ಟಿಯನ್ನು ಮೀರಿ ಬಂತು. ನಡುವೆ ನೋವು ಕಾಣಿಸಿಕೊಂಡರೆ ಇರಲಿ ಎಂದು ಕೊಟ್ಟಿದ್ದ ಮಾತ್ರೆಯನ್ನು ಅಮ್ಮ ಎರಡು ಸಲವೂ ವಾಂತಿ ಮಾಡಿದಳು. ಅಳುವುದಕ್ಕೂ ಮೈಯಲ್ಲಿ ಬಲವಿರಲಿಲ್ಲ. ಬಾಯಿ ತೆರೆದುಕೊಂಡು, ಸದ್ದೇ ಬಾರದ ಒಂದು ಕೂಗನ್ನು ಕೂಗುತ್ತಿದ್ದಳು. ಶೃತಿ ಅಪರ್ಣಳಿಗೆ ಫೋನ್ ಮಾಡಿದಳು.

"ತಡೆಯೋಕಾಗ್ತಿಲ್ಲ ಅಂದ್ರೆ ಈಗ್ಲೇ ಕ್ಯಾಶುವಾಲ್ಟಿಗೆ ಕರ್ಕೊಂಡು ಬನ್ನಿ ಮೇಡಂ. ಇಂಜೆಕ್ಷನ್ ಕೊಡ್ತಾರೆ. ಡೋಸ್ ಏರಿಸ್ಬೇಕಾ ಅಂತ ಡಾಕ್ಟರೇ ನೋಡ್ಬೇಕು. ನೀವಾಗಿ ನೀವು ಇನ್ನೊಂದು ಪಟ್ಟಿ ಹಾಕ್ಬೇಡಿ."

ತುಮಕೂರು ಇಪ್ಪತ್ತೇ ಕಿಲೋಮೀಟರು. ಆದರೆ ಹೋದ ಸಲ ರಸ್ತೆಯ ಉಬ್ಬು ಬಂದಾಗಲೆಲ್ಲ ಅಮ್ಮ ಶೃತಿಯ ತೋಳನ್ನು ಕಚ್ಚಿ ಹಿಡಿದಿದ್ದಳು. ಆ ಗುರುತು ಇನ್ನೂ ಮಾಸಿರಲಿಲ್ಲ.

"ಆ ರಸ್ತೆ ಬ್ಯಾಡ ಕಣೇ," ಎಂದಳು ಅಮ್ಮ. "ಡಬ್ಬೀಲಿ ಇನ್ನೂ ಐತಲ್ಲ. ಇನ್ನೊಂದು ಹಾಕ್ಬುಡು."

ಶೃತಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತಳು. ದೇವರ ಗೂಡು ಅಲ್ಲೇ ಮೂಲೆಯಲ್ಲಿತ್ತು. ಅದರ ಕಡೆ ತಿರುಗದೆ, ಒಲೆಯನ್ನೇ ನೋಡುತ್ತ, "ಸಾಕಪ್ಪಾ, ಕರ್ಕೊಂಡ್ಬಿಡು," ಎಂದಳು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹತ್ತು ನಿಮಿಷದ ನಂತರ ಡಬ್ಬಿಯಿಂದ ಹೊಸ ಪಟ್ಟಿಯನ್ನು ತೆಗೆದು, ನೋವು ಅಲ್ಲೇ ಇದೆಯಲ್ಲ ಎಂದು, ಅಮ್ಮನ ಬೆನ್ನಿನ ಮೇಲೆ, ಎರಡು ರೆಕ್ಕೆಮೂಳೆಗಳ ನಡುವೆ ಅಂಟಿಸಿದಳು. ಎದೆಯ ಮೇಲಿನದನ್ನು ತೆಗೆಯಲಿಲ್ಲ. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡಳು.

ಬೆಳಿಗ್ಗೆ ಅಮ್ಮ ಒಂದು ಲೋಟ ಗಂಜಿ ಕುಡಿದಳು. ನೋವು ಅರ್ಧಕ್ಕೆ ಇಳಿದಿತ್ತು. ಇನ್ನೊಂದು ದಿನ ಇರಲಿ, ಸೋಮವಾರ ಹೇಗೂ ಆಸ್ಪತ್ರೆಗೆ ಹೋಗುತ್ತೇವಲ್ಲ ಎಂದು ಎರಡನ್ನೂ ಹಾಗೆಯೇ ಬಿಟ್ಟಳು.

ಒಂಬತ್ತು ಗಂಟೆಗೆ ಕುಣಿಗಲ್ಲಿನಿಂದ ಅಣ್ಣ ದಯಾನಂದನ ಓಮ್ನಿ ಬಂತು. ಅವನು ಅಲ್ಲಿ ಕುದುರೆ ಸಾಕುವ ಫಾರಂ ಒಂದರಲ್ಲಿ ಸೂಪರ್‌ವೈಸರ್. ಜೊತೆಗೆ ಚಿಕ್ಕಮ್ಮ ರಂಗಲಕ್ಷ್ಮಮ್ಮ, ಮಡಿಲಲ್ಲಿ ಒಂದು ಶೀಷೆ ಹರಳೆಣ್ಣೆ. ಒಳಗೆ ಬಂದವಳು ಅಕ್ಕನ ಸೆರಗು ಸರಿಸಿ ತೋಳು ನೋಡಿ ಹಣೆ ಚಚ್ಚಿಕೊಂಡಳು.

"ಏನೇ ಶೃತಿ ಇದು, ನಮ್ಮಕ್ಕನ ಮೈ ಉರಿದ ಸೌದೆ ಆದಂಗ್ ಆಗೈತೆ. ಎಷ್ಟ್ ದಿವ್ಸ ಆಯ್ತೇ ನೀರು ಹಾಕಿ?"

"ದಿನಾ ಒದ್ದೆ ಬಟ್ಟೇಲಿ ಒರೆಸ್ತೀನಿ ಚಿಕ್ಕಮ್ಮ."

"ಒರೆಸೋಕೆ ಅವ್ಳೇನು ನಿಮ್ ಸ್ಕೂಲ್ ಟೇಬಲ್ಲಾ?"

ಅಮ್ಮನ ತುಟಿಯ ಕೊನೆ ಅಲುಗಿತು. ಅದು ನಗೆ. ಎಷ್ಟೋ ದಿನದ ಮೇಲೆ ಕಂಡ ನಗೆ.

ಚಿಕ್ಕಮ್ಮನ ಕಣ್ಣು ಎದೆಯ ಮೇಲಿನ ಪಟ್ಟಿಗೆ ಬಿತ್ತು. "ಇದೇನಾ ಆ ಪಿಲಾಸ್ಟ್ರು? ನನ್ ಮಂಡೀಗೂ ಒಂದ್ ಅಂಟಿಸೇ ತಾಯಿ, ಮೆಟ್ಲು ಹತ್ತೋಕಾಗ್ದೆ ಸಾಯ್ತಿದೀನಿ."

"ಅದು ಅಂಥಾದ್ದಲ್ಲ ಚಿಕ್ಕಮ್ಮ. ನಿಮಗೆ ಹಾಕಿದ್ರೆ ಮಲಗಿದೋರು ಏಳಲ್ಲ."

ಹೇಳಿದ ಮಾತು ಶೃತಿಯ ಕಿವಿಗೇ ತಣ್ಣಗೆ ತಾಗಿತು.

"ನಮ್ ಫಾರಂನಲ್ಲಿ ಕುದುರೆ ಕಾಲು ಮುರ್ಕೊಂಡ್ರೆ ಕೊಡೋ ಮದ್ದು ಕಣೇ ಇದು," ಎಂದ ದಯಾನಂದ, ಬಾಗಿಲಿಗೆ ಒರಗಿಕೊಂಡು. "ಆಮೇಲೆ ಆ ಕುದುರೇನ ಏನ್ ಮಾಡ್ತಾರೆ ಗೊತ್ತಲ್ಲ? ನಾನ್ ಮೊದ್ಲಿಂದ ಹೇಳ್ತಾನೇ ಇದೀನಿ, ಅಫೀಮು ಬ್ಯಾಡ ಅಂತ. ಮೇಡಮ್ಮು ಕೇಳ್ಬೇಕಲ್ಲ."

"ಮೂರು ದಿನ ನೀನಿಟ್ಕೊಂಡು ನೋಡಣ್ಣ, ಆಮೇಲೆ ಮಾತಾಡು."

"ಕಳ್ಸು ಮತ್ತೆ. ಯಾರ್ ಬ್ಯಾಡ ಅಂದೋರು?"

ಚಿಕ್ಕಮ್ಮ ಇಬ್ಬರ ಬಾಯನ್ನೂ ಮುಚ್ಚಿಸಿದಳು. "ಲೋ ದಯಾನಂದ, ಹಿತ್ಲಿಗೋಗಿ ಹಂಡೆ ಒಲೆ ಹಚ್ಲಾ. ಆ ಕರೆಂಟ್ ನೀರು ನಂಗೆ ಆಗಾಕಿಲ್ಲ. ತೆಂಗಿನ ಮಟ್ಟೆ ಐತಲ್ಲ, ಜೋರಾಗಿ ಉರಿ ಹಾಕು."

"ಬಿಸಿ ತಾಗಿಸ್ಬಾರ್ದಂತೆ ಚಿಕ್ಕಮ್ಮ," ಎಂದಳು ಶೃತಿ.

"ಯಾರೇ ಅಂದೋರು?"

"ಆಸ್ಪತ್ರೆ ಸಿಸ್ಟರು."

"ಆ ಸಿಸ್ಟರಮ್ಮ ಹೆತ್ತಾಗ ನೀರು ಹಾಕ್ದೋರು ಯಾರಂತೆ ಕೇಳು. ನಿಮ್ಮಮ್ಮನ ಕೈಲಿ ಸಾವಿರ ಜನ ನೀರು ಹುಯ್ಸ್ಕೊಂಡವ್ರೆ. ಒಬ್ರಿಗಾನಾ ಏನಾರಾ ಆಗೈತಾ?"

ಶೃತಿ ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣು ಮುಚ್ಚಿಯೇ ಹೇಳಿದಳು: "ಹಾಕ್ಲಿ ಬುಡೇ. ಮೈ ಮೇಲೆ ನೀರು ಬೀಳ್ಲಿ ಒಂದ್ಸಲ."

ಇಲ್ಲ ಎನ್ನಬೇಕಿತ್ತು. ಅಡುಗೆಮನೆಯ ಚೀಟಿಯನ್ನು ಕಿತ್ತು ತಂದು ಮೂವರ ಮುಂದೆ ಓದಿ ಹೇಳಬಹುದಿತ್ತು. ಆದರೆ ಅಮ್ಮ ಏನನ್ನಾದರೂ ಬೇಕು ಎಂದು ಕೇಳಿ ಎಷ್ಟು ದಿನವಾಗಿತ್ತು. ಮತ್ತೆ, ನಿಜವನ್ನೇ ಹೇಳಬೇಕೆಂದರೆ, ಈ ಮೂರು ತಿಂಗಳಲ್ಲಿ ಅಮ್ಮನ ದೇಹವನ್ನು ಒಂದು ಗಂಟೆಯ ಮಟ್ಟಿಗಾದರೂ ತನ್ನ ಕೈಯಿಂದ ಇಳಿಸಿಕೊಳ್ಳುತ್ತೇನೆ ಎಂದು ಬಂದವರು ಯಾರೂ ಇರಲಿಲ್ಲ. "ಉಗುರುಬೆಚ್ಚಗೆ ಹಾಕಿ ಚಿಕ್ಕಮ್ಮ," ಎಂದಷ್ಟೇ ಅಂದು, ಎದೆಯ ಪಟ್ಟಿ ನೆನೆಯದಂತೆ ಪ್ಲಾಸ್ಟಿಕ್ ಮುಚ್ಚಿ ಟೇಪು ಹಚ್ಚಿ, ಹಾಲಿನ ಕುರ್ಚಿಯಲ್ಲಿ ಕೂತಳು. ಕಾಫಿಯನ್ನು ಬಿಸಿ ಇರುವಾಗಲೇ ಕುಡಿದಳು.

ಬಚ್ಚಲಿನಿಂದ ಅಕ್ಕ ತಂಗಿಯರ ಮಾತು ಕೇಳುತ್ತಿತ್ತು. ಚೊಂಬಿನ ಸದ್ದು, ನೀರಿನ ಸದ್ದು. ಬಾಗಿಲ ಸಂದಿಯಿಂದ ಹಬೆ ಹೊರಗೆ ಬರುತ್ತಿತ್ತು. ಅದು ಉಗುರುಬೆಚ್ಚಗಿನ ನೀರಿನ ಹಬೆಯಲ್ಲ ಎಂದು ಅವಳಿಗೆ ಗೊತ್ತಾಯಿತು. ಏಳಲಿಲ್ಲ.

"ಲೇ ಶೃತಿ, ಬೆನ್ನಿಗೂ ಒಂದೈತಲ್ಲೇ?" ಎಂದು ಚಿಕ್ಕಮ್ಮ ಒಳಗಿಂದ ಕೂಗಿದಳು.

ಶೃತಿ ಹಿತ್ತಿಲ ಕಡೆ ನೋಡಿದಳು. ದಯಾನಂದ ಒಲೆಯ ಮುಂದೆ ಫೋನಿನಲ್ಲಿ ಮಾತಾಡುತ್ತಿದ್ದ. "ಅದನ್ನ ಮುಟ್ಬೇಡಿ ಚಿಕ್ಕಮ್ಮ," ಎಂದಳು. ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಿಲ್ಲ ಎಂದು ಆಗ ನೆನಪಾಯಿತು.

ಸ್ನಾನವಾದ ಮೇಲೆ ಅಮ್ಮನ ಮೈ ಕೆಂಪಗಾಗಿತ್ತು. ಮುಖದಲ್ಲಿ ಗೆಲುವಿತ್ತು. ಚಿಕ್ಕಮ್ಮ ತಲೆಗೆ ಬಟ್ಟೆ ಸುತ್ತಿ, ಕತ್ತಿನವರೆಗೆ ಕರಿಕಂಬಳಿ ಹೊದಿಸಿ, ಸುತ್ತ ಒತ್ತಿ ಒತ್ತಿ ಸಿಕ್ಕಿಸಿದಳು. ಅಮ್ಮ, "ರಂಗೀ, ನಿನ್ ಕೈ ಚೆನ್ನಾಗೈತೆ ಕಣೇ," ಎಂದಳು. ಹಾಗನ್ನುತ್ತಲೇ ನಿದ್ದೆ ಹೋದಳು.

"ನೋಡ್ದಾ?" ಎಂದಳು ಚಿಕ್ಕಮ್ಮ.

"ನಿಮ್ ಆಸ್ಪತ್ರೆ ಮೂರು ತಿಂಗ್ಳಲ್ಲಿ ಮಾಡ್ದೇ ಇದ್ದದ್ದನ್ನ ಒಂದ್ ಹಂಡೆ ನೀರು ಮಾಡ್ತು," ಎಂದ ದಯಾನಂದ.

ಮೂವರೂ ಅಡುಗೆಮನೆಯಲ್ಲಿ ಕೂತು ಉಪ್ಪಿಟ್ಟು ತಿಂದರು. ಚಿಕ್ಕಮ್ಮ ಕುಣಿಗಲ್ಲಿನ ಯಾವುದೋ ಬಾಣಂತಿಯ ಕಥೆ ಹೇಳಿದಳು, ನೀರು ಬೀಳುತ್ತಲೇ ಗಂಡನನ್ನು ಹೆಸರು ಹಿಡಿದು ಬೈದವಳದು. ಶೃತಿ ನಕ್ಕಳು. ನಗುತ್ತಿರುವಾಗ ಒಳಗಿಂದ ಗೊರಕೆಯೊಂದು ಕೇಳಿಸಿತು. ಅಮ್ಮ ಗೊರಕೆ ಹೊಡೆಯುವವಳಲ್ಲ. ಗೊರಕೆ ನಿಂತಿತು. ನಿಂತೇ ಇತ್ತು. ತುಂಬ ಹೊತ್ತಿನ ಮೇಲೆ ಇನ್ನೊಂದು ಬಂತು, ಬಾವಿಯ ತಳದಿಂದ ಕೊಡವನ್ನು ಎಳೆದಂತೆ.

ಶೃತಿ ಎದ್ದು ಹೋದಳು. ಅಮ್ಮನ ಹಣೆಯ ಮೇಲೆ ಬೆವರಿನ ಹನಿಗಳು. ತುಟಿ ನೇರಳೆ ಹಣ್ಣು ತಿಂದವಳಂತೆ. "ಅಮ್ಮಾ" ಎಂದು ಭುಜ ಅಲುಗಿಸಿದಳು. ಕೆನ್ನೆ ತಟ್ಟಿದಳು. ಕಿವಿಯನ್ನು ಚಿವುಟಿದಳು. ರೆಪ್ಪೆ ಎತ್ತಿ ನೋಡಿದರೆ ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಗೋಡೆಯ ಗಡಿಯಾರ ನೋಡುತ್ತ ಉಸಿರು ಎಣಿಸಿದಳು. ಒಂದು ನಿಮಿಷಕ್ಕೆ ಆರು.

ಮನಸ್ಸಿನೊಳಗೆ ಮೊದಲು ಎದ್ದು ಬಂದದ್ದು ಭಯವಲ್ಲ. ಒಲೆಯ ಮುಂದೆ ಆಡಿದ ಮಾತು. ಕೇಳಿದ್ದನ್ನು ದೇವರು ಕೊಡುತ್ತಿದ್ದಾನೆ. ಸುಮ್ಮನೆ ಇದ್ದರೆ ಸಾಕು, ಅಡುಗೆಮನೆಗೆ ವಾಪಸ್ಸು ಹೋಗಿ ಚಿಕ್ಕಮ್ಮನ ಕಥೆಯ ಉಳಿದರ್ಧ ಕೇಳಿದರೆ ಸಾಕು. ಅಮ್ಮನ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೆ ಆಮೇಲೂ ತಿಳಿಯಲಿಲ್ಲ. ಮುಂದಿನ ಗೊರಕೆ ಬರುವವರೆಗೆ ಇರಬಹುದು. ಅದು ಬಂದಾಗ ಆ ಸದ್ದಿನಲ್ಲಿ ಶಾಂತಿಯಿರಲಿಲ್ಲ, ಎಳೆದಾಟವಿತ್ತು. ಕಂಬಳಿಯನ್ನು ಕಿತ್ತೆಸೆದು "ಅಣ್ಣಾ" ಎಂದು ಕಿರುಚಿದಳು.

ಅಪರ್ಣ ಭಾನುವಾರವೂ ವಾರ್ಡಿನಲ್ಲಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲಿಟ್ಟರು.

"ಬಿಸಿ ಏನಾದ್ರೂ ತಾಗಿತಾ ಮೇಡಂ?"

"ಸ್ನಾನ ಮಾಡ್ಸಿದ್ವಿ. ಬಿಸಿನೀರು."

"ಸರಿ, ಈಗ ಬಿಡಿ. ಪಟ್ಟಿ ಕಿತ್ತುಹಾಕಿ, ಜಾಗಾನ ತಣ್ಣೀರು ಬಟ್ಟೇಲಿ ಒರೆಸಿ, ಸೋಪು ಬೇಡ. ಒಂದು ಮಗ್ಗುಲಿಗೆ ಮಲಗ್ಸಿ. ಮೈ ಮೇಲೆ ಎಷ್ಟು ಪಟ್ಟಿ ಇವೆ?"

ದಯಾನಂದ ಮಂಚದ ಆಚೆ ನಿಂತಿದ್ದ. ಚಿಕ್ಕಮ್ಮ ಈಚೆ.

"ಒಂದು," ಎಂದಳು ಶೃತಿ.

ಚಿಕ್ಕಮ್ಮ ತಲೆಯೆತ್ತಿ ಅವಳನ್ನು ನೋಡಿದಳು.

"ಸರಿ, ತಕ್ಷಣ ಹೊರಡಿ. ದಾರೀಲಿ ಮಾತಾಡ್ಸ್ತಾ ಇರಿ. ಉಸಿರು ತಗೋ, ಉಸಿರು ತಗೋ ಅಂತ ಕಿವೀಲಿ ಹೇಳ್ತಾ ಇರಿ, ನಿಲ್ಲಿಸ್ಬೇಡಿ. ಹೇಳಿದ್ರೆ ತಗೋತಾರೆ."

ಶೃತಿ ಎದೆಯ ಮೇಲಿನ ಪಟ್ಟಿಯನ್ನು ಎಲ್ಲರ ಮುಂದೆ ಕಿತ್ತಳು. ಆಂಬುಲೆನ್ಸ್ ಬರುವ ಹೊತ್ತಿಗೆ ನಾವೇ ತಲುಪುತ್ತೇವೆ ಎಂದು ದಯಾನಂದ ಅಮ್ಮನನ್ನು ಮಗುವಿನಂತೆ ಎತ್ತಿಕೊಂಡು ಓಮ್ನಿಯ ಹಿಂದಿನ ಸೀಟಿನಲ್ಲಿ ಮಲಗಿಸಿದ. ತಲೆ ಶೃತಿಯ ತೊಡೆಯ ಮೇಲೆ, ಕಾಲು ಚಿಕ್ಕಮ್ಮನ ಮಡಿಲಲ್ಲಿ.

"ಅಮ್ಮಾ, ಉಸಿರು ತಗೋ."

ಅಮ್ಮ ತೆಗೆದುಕೊಂಡಳು.

"ಅಮ್ಮಾ, ಉಸಿರು ತಗೋ."

ಹೇಳದಿದ್ದರೆ ಮರೆತುಬಿಡುತ್ತಿದ್ದಳು. ಹೇಳಿದರೆ ಎದೆ ಏಳುತ್ತಿತ್ತು, ದೂರದಿಂದ ಕರೆದವರಿಗೆ ಒಲ್ಲದ ಮನಸ್ಸಿನಿಂದ ಓಗೊಟ್ಟ ಹಾಗೆ. ರಸ್ತೆಯ ಉಬ್ಬುಗಳು ಬಂದವು, ಹೋದವು. ಅಮ್ಮನಿಗೆ ಯಾವುದೂ ತಿಳಿಯಲಿಲ್ಲ. ಹೋದ ಸಲ ಕಚ್ಚಿದ ಬಾಯಿ ಈಗ ಅದೇ ತೋಳಿನ ಪಕ್ಕ ಅರೆ ತೆರೆದುಕೊಂಡಿತ್ತು. ಮಲ್ಲಸಂದ್ರ ದಾಟುವ ಹೊತ್ತಿಗೆ ಶೃತಿಯ ಗಂಟಲು ಒಣಗಿತು. ಒಂದು ಸಲ ಹೇಳುವುದು ತಡವಾಯಿತು. ಎದೆ ಏಳಲಿಲ್ಲ. ಚಿಕ್ಕಮ್ಮ ಬಗ್ಗಿ, ಆಗ ತಾನೇ ಹುಟ್ಟಿದ ಕೂಸಿನ ಅಂಗಾಲಿಗೆ ಹೊಡೆಯುವಂತೆ ಅಕ್ಕನ ಅಂಗಾಲಿಗೆ ಫಟ್ ಎಂದು ಹೊಡೆದಳು. "ಉಸ್ರು ತಕ್ಕೊಳೇ ಅಕ್ಕಯ್ಯ! ತಕ್ಕೋ!" ಅಮ್ಮ ತೆಗೆದುಕೊಂಡಳು.

ಆಮೇಲೆ ಚಿಕ್ಕಮ್ಮ ಶೃತಿಯ ಕಡೆ ಬಾಗಿ, ಮುಂದೆ ಕೂತವನಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು: "ಬೆನ್ನಲ್ಲಿರೋದು?"

ಶೃತಿ ಅಮ್ಮನ ಕಿವಿಗೆ ಬಾಗಿ, "ಉಸಿರು ತಗೋ," ಎಂದಳು.

"ನಂಗೇನ್ ತಿಳೀತದೆ ತಾಯಿ. ನೀನ್ ಒಂದು ಅಂದೆ. ನಾನ್ ಎರಡು ನೋಡಿದೀನಿ."

ಶೃತಿ ಅಮ್ಮನ ರವಿಕೆಯ ಹಿಂದೆ ಕೈ ತೂರಿಸಿದಳು. ಚರ್ಮ ಇನ್ನೂ ಬಿಸಿಯಿತ್ತು, ಎಣ್ಣೆಯ ಜಿಡ್ಡಿತ್ತು. ಅಷ್ಟು ನೀರು ಬಿದ್ದರೂ ಆ ಪಟ್ಟಿ ಬಿಟ್ಟಿರಲಿಲ್ಲ. ಉಗುರಿನಿಂದ ಅಂಚು ಎಬ್ಬಿಸಿ ಎಳೆದು, ಮುಷ್ಟಿಯೊಳಗೆ ಮುಚ್ಚಿಕೊಂಡಳು. ಸೆರಗಿನ ತುದಿಯನ್ನು ಬಾಟಲಿಯ ನೀರಿನಲ್ಲಿ ನೆನೆಸಿ ಬೆನ್ನು ಒರೆಸಿದಳು. ಆಯಿತಲ್ಲ, ತೆಗೆದಾಯಿತಲ್ಲ, ಇನ್ನು ಯಾರಿಗೂ ತಿಳಿಯಬೇಕಾಗಿಲ್ಲ ಎಂದುಕೊಂಡಳು. ಹೆಗ್ಗೆರೆ ಬಂತು. ಕಿಟಕಿಯಿಂದ ಎಸೆದುಬಿಡಬಹುದಿತ್ತು. ಮುಷ್ಟಿ ಬಿಚ್ಚಲಿಲ್ಲ.

ಕ್ಯಾಶುವಾಲ್ಟಿಯಲ್ಲಿ ಅಪರ್ಣ ಸ್ಟ್ರೆಚರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೂಗಿಗೆ ಆಕ್ಸಿಜನ್, ಕೈಗೆ ಸೂಜಿ. ಡಾಕ್ಟರ್ ರಘುನಂದನ ಸಿರಿಂಜನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಒತ್ತಿದರು. ಒಂದು ನಿಮಿಷ. ಎರಡು. ಅಮ್ಮನ ತುಟಿಯ ಬಣ್ಣ ತಿರುಗಿತು. ಎದೆ ತಾನಾಗಿಯೇ ಏಳತೊಡಗಿತು. ಕಣ್ಣು ಬಿಟ್ಟಳು. ಕಣ್ಣಿನ ಜೊತೆಗೇ ನೋವೂ ಬಂತು. ಅದು ಮುಖದ ಗೆರೆಗೆರೆಯಲ್ಲಿ ಏರುವುದನ್ನು ಶೃತಿ ನಿಂತು ನೋಡಿದಳು. ಅಮ್ಮ ಸುತ್ತಲೂ ಹುಡುಕಿ ಮಗಳನ್ನು ಕಂಡಳು.

"ಚೆನ್ನಾಗ್ ನಿದ್ದೆ ಬಂದಿತ್ತು ಕಣೇ," ಎಂದಳು. "ಯಾಕ್ ಎಬ್ಬಿಸ್ದೆ?"

ಶೃತಿ ಎಡಗೈಯಿಂದ ಅಮ್ಮನ ಹಣೆಯ ಬೆವರು ಒರೆಸಿದಳು.

ಡಾಕ್ಟರ್ ಹೊರಗೆ ಕರೆದರು. ದಯಾನಂದನೂ ಬಂದ. "ಉಸಿರಾಟ ಸರಿಹೋಗಿದೆ. ಆದ್ರೆ ಆ ಮದ್ದನ್ನ ತಡೆಯೋಕೆ ನಾನು ಕೊಟ್ಟ ಇಂಜೆಕ್ಷನ್ನು ಬೇಗ ಇಳಿದುಹೋಗುತ್ತೆ, ಪಟ್ಟಿ ಮದ್ದು ಚರ್ಮದಡಿ ನಾಳೆವರೆಗೂ ಇರುತ್ತೆ. ಇವರಿಗೆ ಹಾಕಿದ್ದು ಸಣ್ಣ ಡೋಸು. ಒಂದೇ ಪಟ್ಟಿ ಅಂದ್ರಿ ಅಲ್ವಾ? ಸಂಜೆವರೆಗೆ ನೋಡಿ ವಾರ್ಡಿಗೆ ಕಳಿಸಬಹುದು."

"ಒಂದೇ ಸಾರ್," ಎಂದ ದಯಾನಂದ. "ಅದ್ನೂ ಬ್ಯಾಡ ಅಂತ ನಾನ್ ಬಡ್ಕೊಂಡೆ. ಈ ಮುದುಕಿ ನೀರು ಹುಯ್ದು ಎಡವಟ್ಟು ಮಾಡಿದ್ಳು."

ಚಿಕ್ಕಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ತನ್ನ ಎರಡು ಕೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಳ್ಳುತ್ತಿದ್ದಳು. ಶೃತಿಯ ಕಡೆ ತಿರುಗಲಿಲ್ಲ. ಬಾಯಿ ಬಿಡಲೂ ಇಲ್ಲ. ಆ ಮೌನ ತನಗಾಗಿ ಎಂದು ಶೃತಿಗೆ ಅರ್ಥವಾಯಿತು. ಅದನ್ನು ತೆಗೆದುಕೊಂಡರೆ ಚಿಕ್ಕಮ್ಮ ಬದುಕಿರುವವರೆಗೂ ಅಕ್ಕನನ್ನು ಕೊಲ್ಲಹೊರಟ ಕೈ ಎಂದು ಆ ಕೈಗಳನ್ನು ನೋಡಿಕೊಳ್ಳುತ್ತಾಳೆ. ಮತ್ತೆ ಸಂಜೆ ವಾರ್ಡಿನಲ್ಲಿ ಯಾರೂ ಎಣಿಸದಿರುವಾಗ ಅಮ್ಮ ಉಸಿರು ತೆಗೆದುಕೊಳ್ಳುವುದನ್ನು ಮರೆತುಬಿಡಬಹುದು.

ಶೃತಿ ಬಲಗೈ ಮುಂದೆ ಚಾಚಿ ಮುಷ್ಟಿ ಬಿಚ್ಚಿದಳು. ಪಟ್ಟಿ ಅಂಗೈಗೆ ಅಂಟಿಕೊಂಡಿತ್ತು.

"ಎರಡು ಸಾರ್," ಎಂದಳು. "ನಿನ್ನೆ ಸಂಜೆ ನಾನೇ ಹಾಕಿದ್ದು. ಬೆನ್ನಿಗೆ. ಸಿಸ್ಟರ್ ಬೇಡ ಅಂದಿದ್ರು."

ಅಪರ್ಣ ಗ್ಲೌಸ್ ಹಾಕಿಕೊಂಡು ಅದನ್ನು ಬಿಡಿಸಿ, ಅಂಟು ಒಳಗೆ ಬರುವಂತೆ ಮಡಿಸಿ, ಅವಳ ಅಂಗೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಡಾಕ್ಟರ್ ಒಳಗೆ ಹೋಗಿ ಏನೋ ಹೇಳಿದರು. ಐಸಿಯು, ಎರಡು ದಿನ, ಡ್ರಿಪ್ಪಿನಲ್ಲಿ ಔಷಧಿ ಎಂಬ ಮಾತುಗಳು ಕೇಳಿಸಿದವು.

ದಯಾನಂದ ಶೃತಿಯ ಹತ್ತಿರ ಬಂದ. ಅವನ ದನಿ ಏರಲಿಲ್ಲ. "ಸಾಯ್ಸೋಕ್ ನೋಡ್ದೇನೇ?"

"ನೋವು ನಿಲ್ಸೋಕ್ ನೋಡ್ದೆ."

"ಬ್ಯಾರೆ ಬ್ಯಾರೇನಾ ಅವೆರಡೂ?"

ನಿನ್ನೆ ಸಂಜೆ ಒಲೆಯ ಮುಂದೆ ಅವೆರಡೂ ಬೇರೆಯಾಗಿದ್ದವೋ ಇಲ್ಲವೋ ಅವಳಿಗೇ ತಿಳಿಯದು. "ಗೊತ್ತಿಲ್ಲ ಅಣ್ಣ," ಎಂದಳು. ಅವನು ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಹೋಗಿ ಓಮ್ನಿಯಲ್ಲಿ ಕೂತುಕೊಂಡ.

ಮಂಗಳವಾರ ಅಮ್ಮನನ್ನು ವಾರ್ಡಿಗೆ ತಂದರು. ಪಟ್ಟಿಯ ಮದ್ದು ಪೂರ್ತಿ ಇಳಿದಿತ್ತು. ನಡುನಡುವೆ ಕೊಡುತ್ತಿದ್ದ ನೋವಿನ ಇಂಜೆಕ್ಷನ್ನಿನ ಬಲ ಇಳಿದಾಗಲೆಲ್ಲ ಅಮ್ಮ ಹಾಸಿಗೆಯ ಕಂಬಿಯನ್ನು ಹಿಡಿದು ಹಲ್ಲು ಕಚ್ಚುತ್ತಿದ್ದಳು. ಮಧ್ಯಾಹ್ನ ಡಾಕ್ಟರ್ ಬಂದು, ಪಟ್ಟಿಯನ್ನು ಮತ್ತೆ ಶುರುಮಾಡಬೇಕು, ಜೊತೆಗೆ ವಾಂತಿಗೆ ಮದ್ದು ಕೊಡೋಣ, ಡೋಸನ್ನು ನಾವೇ ಮೆಲ್ಲಗೆ ಏರಿಸುತ್ತೇವೆ ಎಂದರು.

"ಮತ್ತೆ ಅದೇನಾ? ಬ್ಯಾಡ ಸಾರ್," ಎಂದ ದಯಾನಂದ. ಎರಡು ದಿನ ಅವನು ಶೃತಿಯ ಜೊತೆ ಮಾತಾಡಿರಲಿಲ್ಲ. ಕುಣಿಗಲ್ಲಿಗೂ ಹೋಗಿರಲಿಲ್ಲ.

"ತಪ್ಪಾಗಿದ್ದು ಮದ್ದಿಂದಲ್ಲ ದಯಾನಂದ ಅವರೇ. ಬೇಡ ಅಂದ್ರೆ ಈ ನೋವನ್ನ ಏನು ಮಾಡೋಣ, ನೀವೇ ಹೇಳಿ."

ಅಮ್ಮ ಕಂಬಿ ಹಿಡಿದಿದ್ದಳು. ದಯಾನಂದ ಆ ಕೈಯನ್ನು ನೋಡಿದ. ಎರಡು ದಿನ ಅದೊಂದನ್ನೇ ನೋಡಿದ್ದ. ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋದ.

ಅಪರ್ಣ ಪೊಟ್ಟಣವನ್ನು ತಂದು ಶೃತಿಯ ಮುಂದೆ ಹಿಡಿದಳು. "ನೀವೇ ಹಾಕಿ ಮೇಡಂ. ಮನೇಲಿ ಹಾಕೋರು ನೀವೇ ತಾನೇ."

"ನನ್ ಕೈಲಾಗಲ್ಲ ಸಿಸ್ಟರ್. ಬೇರೆ ಯಾರಿಗಾದ್ರೂ ಕಲಿಸಿ. ಅಣ್ಣನಿಗೆ ಕಲಿಸಿ."

"ಅವ್ಳೇ ಹಾಕ್ಲಿ," ಎಂದಳು ಅಮ್ಮ. ಕಣ್ಣು ಮುಚ್ಚಿಯೇ ಇತ್ತು. "ಕೇಳ್ದೋಳು ನಾನು. ಅವ್ಳ್ನ ಯಾಕ್ ಅಂತೀರಾ ಎಲ್ರೂ."

ಅಮ್ಮನ ಎದುರು ಯಾರೂ ಏನೂ ಅಂದಿರಲಿಲ್ಲ. ಕಿಟಕಿಯ ಹತ್ತಿರ ನಿಂತವನ ಬೆನ್ನು ಅಲುಗಿತು. ಹಾಸಿಗೆಯ ಕಾಲ ಹತ್ತಿರ ಕೂತ ಚಿಕ್ಕಮ್ಮ, "ಇನ್ಮ್ಯಾಕೆ ನಾನೂ ತಣ್ಣೀರೇ ಹುಯ್ಯೋದು ಬುಡು, ಕಪ್ಪೆಗೆ ಹುಯ್ದಂಗೆ," ಎಂದು ಮೂಗು ಒರೆಸಿಕೊಂಡಳು.

ಶೃತಿ ಪೊಟ್ಟಣ ಹರಿದಳು. ಪೆನ್ನು ಹಿಡಿದು ಪಟ್ಟಿಯ ಅಂಚಿಗೆ ದಿನ, ಗಂಟೆ ಬರೆದಳು. ಅಮ್ಮನ ರವಿಕೆಯ ಹುಕ್ಕು ಬಿಚ್ಚಿ, ಎದೆ, ಬೆನ್ನು, ಎರಡು ತೋಳು ಎಲ್ಲವನ್ನೂ ನೋಡಿ, ಹಳೆಯದು ಎಲ್ಲೂ ಇಲ್ಲ ಎಂದು ಎರಡು ಸಲ ಖಾತ್ರಿಮಾಡಿಕೊಂಡಳು. ಬಲ ಎದೆಯ ಮೇಲ್ಭಾಗವನ್ನು ಒರೆಸಿ ಅಂಟಿಸಿ, ಅದರ ಮೇಲೆ ಅಂಗೈ ಇಟ್ಟು ಒತ್ತಿದಳು.

"ಮೂವತ್ತು ಎಣಿಸಿ," ಎಂದಳು ಅಪರ್ಣ.

"ಕೈ ತಣ್ಣಗೈತಲ್ಲೇ," ಎಂದಳು ಅಮ್ಮ.

ಯಾಕೆ ಎಬ್ಬಿಸಿದೆ ಎಂದು ಅಮ್ಮ ಮತ್ತೆ ಕೇಳಿರಲಿಲ್ಲ. ಶೃತಿ ಎಣಿಸಿದಳು. ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು.

"ಸಾಕು ಮೇಡಂ, ತೆಗೀಬಹುದು."

ಶೃತಿ ತೆಗೆಯಲಿಲ್ಲ. ಅಂಗೈಯ ಕೆಳಗೆ ಅಮ್ಮನ ಎದೆ ಏರಿತು, ಇಳಿಯಿತು. ಅವಳು ಮುಂದಿನದಕ್ಕೆ ಕಾದಳು. ಅದೂ ಬಂತು.